ಮಾನಸೋಲ್ಲಾಸದ ಮತ್ಸ್ಯವಿನೋದ

ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಹೆಸರಿನಿಂದ ಎಲ್ಲರಿಗೂ ಪರಿಚಿತವಾಗಿದ್ದು, ಆದ್ಯಂತವಾಗಿ ಓದಿದವರು ಮಾತ್ರ ವಿರಳರಾಗಿರುವ ಗ್ರಂಥಗಳಲ್ಲಿ ಒಂದು. ಸಂಗೀತವನ್ನು ಬಲ್ಲವರು ಅದರ ಗೀತವಿನೋದವನ್ನು ಉದಾಹರಿಸುವರು. ಪಾಕಶಾಸ್ತ್ರದಲ್ಲಿ ಕುತೂಹಲವುಳ್ಳವರು ಅನ್ನಭೋಗವನ್ನು ತೆರೆದು ಇಡ್ಡಲಿಗೆ-ದೋಸೆಗಳ ಪ್ರಾಚೀನತೆಯನ್ನು ಸಾಧಿಸುವರು. ಚಿತ್ರಕಾರರು ಅದರಲ್ಲಿರುವ ಚಿತ್ರಕರ್ಮದ ಪ್ರಕರಣವನ್ನು ಕೊಂಡಾಡುವರು. ಮತ್ಸ್ಯವಿನೋದವೆಂಬ ಅಧ್ಯಾಯವು ಬಂದ ಕೂಡಲೆ ಮಾತ್ರ ಬಹುಜನರು ಹಾಳೆಯನ್ನು ಮಗುಚಿ ಮುಂದೆ ಸಾಗುವರು. ಮೀನನ್ನು ಗಾಳದಿಂದ ಹಿಡಿಯುವ ವಿಷಯವು ವಿದ್ವತ್ಸಭೆಯಲ್ಲಿ ಎತ್ತತಕ್ಕದ್ದಲ್ಲವೆಂಬ ಸಂಕೋಚವು ಇದಕ್ಕೆ ಕಾರಣವಾಗಿರಬೇಕು. ಸಂಕೋಚವು ಸಹಜವಾದದ್ದು, ಆದರೆ ಅದರಿಂದ ಈ ಗ್ರಂಥದ ಅತ್ಯಂತ ಸ್ವತಂತ್ರವಾದ ಭಾಗವೊಂದು ಕನ್ನಡಿಗರ ಕಣ್ಣಿಗೆ ಬೀಳದೆ ಉಳಿದಿರುವದು.

ಗ್ರಂಥದ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳಿಬಿಡಬಹುದು. ತಲಾ ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯಗಳು. ಜ್ಯೋತಿಷದ ಗಣನೆಗೆ ಕವಿಯು ಶಕ 1051ನ್ನು, ಎಂದರೆ ಕ್ರಿ. ಶ. 1129ನ್ನು, ಆಧಾರವಾಗಿ ಇಟ್ಟುಕೊಂಡಿರುವದರಿಂದ ರಚನಾಕಾಲವು ಸಂದೇಹಕ್ಕೆ ಎಡೆಯಿಲ್ಲದಂತೆ ತಿಳಿದುಬರುವದು. ‘ಅಭಿಲಷಿತಾರ್ಥಚಿಂತಾಮಣಿ’ ಎಂಬುದು ಇದರ ಇನ್ನೊಂದು ಹೆಸರು. ಆ ಹೆಸರಿನಿಂದ ಮೊದಲನೆಯ ಭಾಗವನ್ನು ಶಾಮಶಾಸ್ತ್ರಿಗಳು 1926ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದರು. ಬಡೋದೆಯ ಗಾಯಕವಾಡ ಪ್ರಾಚ್ಯಮಾಲೆಯಲ್ಲಿ ಶ್ರೀಗೋಂದೇಕರರು ಸಂಪಾದಿಸಿದ ಮೂರು ಸಂಪುಟಗಳು 1925, 1939 ಮತ್ತು 1961ರಲ್ಲಿ ಹೊರಬಿದ್ದವು. ಮತ್ಸ್ಯವಿನೋದವು ನಾಲ್ಕನೆಯದಾದ ವಿನೋದವಿಂಶತಿಯಲ್ಲಿ, ಶ್ಯೇನವಿನೋದಕ್ಕೂ ಮೃಗಯಾವಿನೋದಕ್ಕೂ ನಡುವೆ ಇರುವದು. ಮೀನುಗಳ ವಿಜ್ಞಾನದಲ್ಲಿ ಹೆಸರಾದ ಡಾ. ಸುಂದರಲಾಲ ಹೋರಾ ಅವರು 1951ರಲ್ಲಿ ಕಲಕತ್ತೆಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಇದರ ಮೇಲೆ ವಿಸ್ತಾರವಾದ ಲೇಖನವನ್ನು ಬರೆದರು. ಕನ್ನಡನಾಡಿನ ಅರಸನು ಬರೆದುದರ ಬೆಲೆಯನ್ನು ಕಟ್ಟಿದವನು ಸಾಹಿತ್ಯಪಂಡಿತನಲ್ಲ, ಪ್ರಾಣಿಶಾಸ್ತ್ರಜ್ಞನು! ಇದು ಸಾಹಿತ್ಯಪಂಡಿತರು ಲಜ್ಜಿಸತಕ್ಕ ಸಂಗತಿಯೇ.

ಈ ಅಧ್ಯಾಯದ ಸ್ವಾತಂತ್ರ್ಯವು ಯಾವುದರಲ್ಲಿದೆಯೆಂಬುದನ್ನು ಅರಿಯಬೇಕಾದರೆ ಸಂಸ್ಕೃತ ಸಾಹಿತ್ಯದಲ್ಲಿ ಮೀನಿಗೆ ದೊರೆತ ಸ್ಥಾನವನ್ನು ನೆನೆಯಬೇಕು. ಕವಿಗಳಿಗೆ ಮೀನೆಂದರೆ ಕಣ್ಣು. ನಾಯಿಕೆಯು ಮೀನಾಕ್ಷಿ, ಮನ್ಮಥನು ಮೀನಕೇತನ, ಕೊಳದ ಶಫರಿಯು ಮಿಂಚಿ ಮರೆಯಾಗುವ ಕಡೆಗಣ್ಣ ನೋಟ. ಅಲ್ಲಿಗೆ ಕವಿಯ ಮತ್ಸ್ಯಜ್ಞಾನವು ಮುಗಿಯುವದು. ವೈರಾಗ್ಯಪರರಿಗೆ ಮೀನು ರಸನೇಂದ್ರಿಯದ ಚಾಪಲ್ಯಕ್ಕೆ ದೃಷ್ಟಾಂತ. ಭಾಗವತದ ಅವಧೂತನು ತನ್ನ ಇಪ್ಪತ್ತನಾಲ್ಕು ಗುರುಗಳಲ್ಲಿ ಅದನ್ನು ಸೇರಿಸಿಕೊಂಡದ್ದು ಗಾಳದ ಆಮಿಷಕ್ಕೆ ಅದು ಸಾಯುವದೆಂಬ ಕಾರಣದಿಂದಲೇ. ಹಸಿದ ಪ್ರಾಣಿಯು ಉಣ್ಣುವದಕ್ಕೆ ಬಾಯಿ ತೆರೆದರೆ ಅದಕ್ಕೆ ಲೋಭವೆಂಬ ಹೆಸರನ್ನಿಟ್ಟು ಮನುಷ್ಯನಿಗೆ ಪಾಠ ಹೇಳುವದು ಸುಲಭ. ಆ ಮೀನು ನಿಜವಾಗಿ ಏನನ್ನು ಉಣ್ಣುವದೆಂದು ಕೇಳಿದವರು ಯಾರು?

ನೀತಿಕಾರರು ಕೇಳಿದಂತೆ ತೋರುವದು. ಆದರೆ ಅವರ ಉತ್ತರವೂ ಎರವಲು. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವದೆಂಬ ಮತ್ಸ್ಯನ್ಯಾಯವನ್ನು ಕೌಟಿಲ್ಯನು ದಂಡನೀತಿಗೆ ಅಡಿಗಲ್ಲಾಗಿ ಹಾಕಿದನು. ರಾಜನಿಲ್ಲದ ರಾಜ್ಯಕ್ಕೆ ಅದು ಉಚಿತವಾದ ಉಪಮೆಯಿರಬಹುದು. ನದಿಯ ವರ್ಣನೆಯೆಂದು ತೆಗೆದುಕೊಂಡರೆ ಅರ್ಧಸತ್ಯ. ಸ್ಮೃತಿಕಾರನ ಮಾತು ಇನ್ನೂ ವಿಚಿತ್ರವಾದದ್ದು. ಮತ್ಸ್ಯವನ್ನು ತಿಂದವನು ಸರ್ವಮಾಂಸವನ್ನೂ ತಿಂದವನೆಂದು ಹೇಳಿ ಮನುವು ಮೀನನ್ನು ನಿಷೇಧಿಸುವನು. ಅದರ ಮುಂದಿನ ಶ್ಲೋಕದಲ್ಲಿಯೇ ಪಾಠೀನ ಮತ್ತು ರೋಹಿತಗಳಿಗೆ ಹವ್ಯಕವ್ಯಗಳಲ್ಲಿ ಅವಕಾಶವನ್ನು ಕೊಡುವನು. ಪಾಠೀನಕ್ಕೆ ಅಮರಸಿಂಹನು ಕೊಟ್ಟ ಪರ್ಯಾಯನಾಮ ಸಹಸ್ರದಂಷ್ಟ್ರ. ಅದು ಬಾಳೆಮೀನೆಂಬುದು ಬಹುಜನರ ಮತ. ಆ ಮತವು ಸರಿಯಾಗಿದ್ದರೆ, ತುಂಗಭದ್ರೆ-ಕೃಷ್ಣೆಗಳಲ್ಲಿ ಅದರಷ್ಟು ಹೊಟ್ಟೆಬಾಕನಾದ ಮಾಂಸಾಹಾರಿ ಮೀನು ಬೇರೆ ಸಿಕ್ಕುವದು ಕಷ್ಟ. ಸರ್ವಭಕ್ಷಕನ ದೋಷವನ್ನು ಹೇಳಿ, ಸರ್ವಭಕ್ಷಕರಲ್ಲಿ ಅಗ್ರಗಣ್ಯನಿಗೇ ಶ್ರಾದ್ಧದಲ್ಲಿ ಮಣೆ ಹಾಕಿದಂತಾಯಿತು.

ಸೋಮೇಶ್ವರನು ಈ ಎರಡು ಪರಂಪರೆಗಳಲ್ಲಿಯೂ ಬೆಳೆದವನು. ‘ಸರ್ವಜ್ಞಭೂಪ’ನೆಂಬ ಬಿರುದು ಅವನಿಗೆ ಸುಮ್ಮನೆ ಬಂದುದಲ್ಲ. ಆದರೂ ಮತ್ಸ್ಯವಿನೋದದಲ್ಲಿ ಅವನು ಕಣ್ಣಿನ ಉಪಮೆಯನ್ನು ನೆಚ್ಚುವದಿಲ್ಲ, ಮತ್ಸ್ಯನ್ಯಾಯವನ್ನು ನಂಬಿ ಕೂಡುವದಿಲ್ಲ. ಸುಮಾರು ಮೂವತ್ತೈದು ಬಗೆಯ ಮೀನುಗಳನ್ನು ಹೆಸರಿಸಿ, ಸಮುದ್ರದವಾವುವು, ನದಿಯವಾವುವು, ಹುರುಪೆಯುಳ್ಳವಾವುವು, ಬರಿಯ ಚರ್ಮದವಾವುವು, ದೊಡ್ಡ ಮೈಯವಾವುವು, ಸಣ್ಣವಾವುವು ಎಂದು ವಿಂಗಡಿಸುವನು. ಬಳಿಕ ಯಾವದಕ್ಕೆ ಯಾವ ಆಹಾರವೆಂಬ ಪ್ರಶ್ನೆಗೆ ಬರುವನು. ಹಿಟ್ಟಿನ ಉಂಡೆಗೆ ಬರುವ ಮೀನು ಬೇರೆ, ಮಾಂಸಕ್ಕೆ ಬರುವ ಮೀನು ಬೇರೆ. ದೇಹದ ಗಾತ್ರದಿಂದಲೇ ಆಹಾರವನ್ನು ಊಹಿಸತಕ್ಕದ್ದಲ್ಲವೆಂಬ ತತ್ವವು ಈ ವಿಂಗಡಣೆಯ ಒಳಗೇ ಅಡಗಿರುವದು. ಜಲಾಶಯಗಳಲ್ಲಿ ಮೀನುಗಳಿಗೆ ಆಹಾರವಿಕ್ಕಿ ಕೊಬ್ಬಿಸುವ ಕ್ರಮವನ್ನೂ ಅವನು ಹೇಳಿರುವದರಿಂದ ಭಾರತದ ಮೀನುಸಾಕಣೆಯ ಚರಿತ್ರೆಯನ್ನು ಬರೆಯುವವರು ಇಂದಿಗೂ ಅವನ ಹೆಸರಿನಿಂದ ಆರಂಭಿಸುವದುಂಟು. ಕೋಲು, ದಾರ, ಗಾಳಗಳ ಮಾತು ಅದರ ಜೊತೆಗೇ ಬರುವದು.

ಈ ತತ್ವವು ನಿಜವೋ ಅಲ್ಲವೋ ಎಂಬುದನ್ನು ಪರೀಕ್ಷಿಸುವದಕ್ಕೆ ಪುಸ್ತಕಗಳಿಗಿಂತ ನದಿಯೇ ಯೋಗ್ಯವಾದ ಸ್ಥಳ. ಕನ್ನಡನಾಡಿನ ಹೊಳೆಗಳಲ್ಲಿ ಗಾತ್ರಕ್ಕೂ ಬಲಕ್ಕೂ ಹೆಸರಾದ ಮೀನು ಮಹಶೀರ. ಕಾವೇರಿತೀರದವರು ಅದನ್ನು ಬಿಳಿಮೀನೆಂದು ಕರೆಯುವರು. ಕೃಷ್ಣೆಯ ಜಲಕುಟುಂಬದಲ್ಲಿರುವ ಅದರ ಬಗೆಯನ್ನು ಕರ್ನಲ್ ಸೈಕ್ಸನು 1839ರಲ್ಲಿ ಪುಣೆಯ ಮುಳಾ-ಮುಠಾ ನದಿಯಿಂದ ಎತ್ತಿ ಶಾಸ್ತ್ರಕ್ಕೆ ಪರಿಚಯಿಸಿದನು. ಕಾವೇರಿಯ ಡುಬ್ಬದ ಮಹಶೀರವು ಇವೆಲ್ಲಕ್ಕೂ ದೊಡ್ಡದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡು ತೂಗಿತು. ಇಷ್ಟು ದೊಡ್ಡ ಪ್ರಾಣಿಯು ಮತ್ಸ್ಯನ್ಯಾಯದ ಪ್ರಕಾರ ದೊಡ್ಡ ದೊಡ್ಡ ಮೀನುಗಳನ್ನೇ ನುಂಗಿ ಬದುಕಬೇಕಷ್ಟೆ? ಅದರ ಬಾಯಲ್ಲಿ ಹಲ್ಲೇ ಇಲ್ಲ. ಹಲ್ಲಿರುವದು ಗಂಟಲಲ್ಲಿ. ಏಡಿಯ ಚಿಪ್ಪನ್ನೂ ಗುಳ್ಳೆಯನ್ನೂ ಅಲ್ಲಿ ಹುಡಿಗೈಯುವದು. ದಡದ ಮರದಿಂದ ಉದುರಿದ ಹಣ್ಣು, ಬೀಜ, ಬಂಡೆಗೆ ಹತ್ತಿದ ಪಾಚಿ, ನೀರಿನ ಹುಳು, ಸಣ್ಣ ಮೀನು ಇವೆಲ್ಲವೂ ಅದಕ್ಕೆ ಊಟ. ಕಾವೇರಿಯಲ್ಲಿ ಗಾಳಿಗರು ಬಹುಕಾಲದಿಂದ ಅದಕ್ಕೆ ಒಡ್ಡುತ್ತಿದ್ದ ಎರೆ ಯಾವದೆಂದರೆ, ರಾಗಿಯ ಹಿಟ್ಟನ್ನು ಬೇಯಿಸಿ ನಾದಿ ಕಟ್ಟಿದ ಉಂಡೆ! ಮಣಗಟ್ಟಲೆ ತೂಗುವ ಮೀನು, ಮುಷ್ಟಿಯೊಳಗೆ ಅಡಗುವ ಮುದ್ದೆ. ಹನ್ನೆರಡನೆಯ ಶತಮಾನದ ಅರಸನ ಹಿಟ್ಟಿನ ಉಂಡೆಯು ಇಪ್ಪತ್ತನೆಯ ಶತಮಾನದ ಕಾವೇರಿಯಲ್ಲಿ ಕೆಲಸ ಮಾಡುತ್ತಿತ್ತೆಂದರೆ, ಅವನು ಬರೆದುದು ಆಸ್ಥಾನದ ಮಂಚದ ಮೇಲೆ ಒರಗಿ ಕಲ್ಪಿಸಿದ್ದಲ್ಲವೆಂದು ಬೇರೆ ಸಾಕ್ಷಿ ಬೇಕಾಗುವದಿಲ್ಲ.

ಬಾಳೆಮೀನು, ಕೊರಮೀನುಗಳ ವಿಷಯವು ಇದಕ್ಕೆ ಪ್ರತಿಕೂಲವೆಂದು ಯಾರಾದರೂ ಆಕ್ಷೇಪಿಸಬಹುದು. ಅವು ಮಾಂಸಾಹಾರಿಗಳೆಂಬುದು ನಿಜ. ಅವಕ್ಕೆ ರಾಗಿಯ ಉಂಡೆಯನ್ನು ಒಡ್ಡಿ ಕುಳಿತವನು ಸಂಜೆಗೆ ಬರಿಗೈಯಿಂದ ಮನೆಗೆ ಹೋಗುವನು. ಆದರೆ ಆಹಾರಭೇದದಿಂದ ಮೀನನ್ನು ವಿಂಗಡಿಸಬೇಕೆಂಬ ಮಾತಿಗೆ ಇದು ಬಾಧಕವಲ್ಲ, ಪೋಷಕ.

ಪಶ್ಚಿಮದವರು ಇದೇ ಪ್ರಶ್ನೆಯನ್ನು ಟ್ರೌಟೆಂಬ ಮೀನಿನ ಸುತ್ತ ಬೆಳೆಸಿಕೊಂಡರು. ಅದು ತಣ್ಣೀರಿನ ಮೀನು. ಎಡೆದೊರೆಯ ಬಿಸಿಲಿಗೆ ಕಾದ ನೀರಿನಲ್ಲಿ ಅದು ಬಾಳದು. ದಕ್ಷಿಣದಲ್ಲಿ ಬ್ರಿಟಿಷರು ತಂದು ಬಿಟ್ಟದ್ದರಿಂದ ನೀಲಗಿರಿ, ಮುನ್ನಾರುಗಳ ಎತ್ತರದ ತೊರೆಗಳಲ್ಲಿ ಮಾತ್ರ ಇರುವದು. ಎಳೆಯ ಟ್ರೌಟು ಹುಳುಹುಪ್ಪಟೆಗಳನ್ನು ತಿಂದು ಬೆಳೆಯುವದು. ದೊಡ್ಡದಾದಂತೆ ಮೀನನ್ನೂ, ನೀರಿಗೆ ಬಿದ್ದ ಇಲಿಯನ್ನೂ ಬಿಡುವದಿಲ್ಲ. ಆದರೂ ಸಂಜೆಯ ಹೊತ್ತು ನೀರಿನ ಮೇಲೆ ಸಣ್ಣ ನೊಣಗಳು ಕವಿದಾಗ ಆ ದೊಡ್ಡ ಮೀನೇ ಮೇಲೆದ್ದು ಸಾಸಿವೆಯಷ್ಟರ ನೊಣವನ್ನು ಹೀರುವದುಂಟು. ದೊಡ್ಡ ಮೀನಿಗೆ ದೊಡ್ಡ ಎರೆಯೇ ಬೇಕೆಂಬವರಿಗೂ ಸಣ್ಣದೇ ಸಾಕೆಂಬವರಿಗೂ ನಡೆಯುವ ವಾದವು ಆ ದೇಶಗಳಲ್ಲಿ ಇನ್ನೂ ಇತ್ಯರ್ಥವಾಗಿರುವದಿಲ್ಲ. ಕ್ರಿಸ್ತಶಕದ ಮೂರನೆಯ ಶತಮಾನದ ಸುಮಾರಿಗೆ ಈಲಿಯನ್ನನೆಂಬ ರೋಮಿನ ಗ್ರಂಥಕಾರನು ಮ್ಯಾಸಿಡೋನಿಯದವರು ಗಾಳಕ್ಕೆ ಕೆಂಪು ಉಣ್ಣೆಯನ್ನು ಸುತ್ತಿ ಎರಡು ಗರಿಗಳನ್ನು ಕಟ್ಟಿ ಚುಕ್ಕೆಯ ಮೀನುಗಳನ್ನು ಮೋಸಗೊಳಿಸುತ್ತಿದ್ದುದನ್ನು ಬರೆದಿಟ್ಟನು. ಆಂಗ್ಲರಲ್ಲಿ ಗಾಳದ ಮೇಲಿನ ಮೊದಲ ಅಚ್ಚಿನ ಪ್ರಬಂಧವು 1496ರದು. ವಾಲ್ಟನ್ನನ ಪ್ರಸಿದ್ಧ ಗ್ರಂಥವು 1653ರದು. ಕನ್ನಡನಾಡಿನ ಮಹಶೀರದ ಮೇಲೆ ಬಹುಪಾಲು ಗಮನವಿಟ್ಟ ಥಾಮಸನೆಂಬ ಅಧಿಕಾರಿಯ ಆಂಗ್ಲಪುಸ್ತಕವು 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ಹುಸಿಯೆರೆಯ ಕೌಶಲದಲ್ಲಿ ಇವರದು ಒಂದು ದಾರಿ. ಸೋಮೇಶ್ವರನ ದೃಷ್ಟಿಯಾದರೋ ಆಹಾರದ ಮೇಲೆಯೇ ನೆಟ್ಟಿರುವದು. ಮೀನನ್ನು ಮೋಸಗೊಳಿಸುವದಕ್ಕಿಂತ ಮೊದಲು ಅದನ್ನು ಉಣಿಸಿ ನೋಡಿದವನು ಅವನು.

ಕಾವ್ಯಗುಣವೆಂದು ಹುಡುಕಿದರೆ ಈ ಅಧ್ಯಾಯದಲ್ಲಿ ದೊರೆಯುವದು ಅತ್ಯಲ್ಪ. ಹೆಸರುಗಳ ಮೇಲೆ ಹೆಸರು, ವಿಧಿಯ ಮೇಲೆ ವಿಧಿ, ನಿರಲಂಕಾರವಾದ ಪದ್ಯಗಳು. ವಿಕ್ರಮಾಂಕಾಭ್ಯುದಯವನ್ನು ಬರೆದು ತಂದೆಯನ್ನು ಹೊಗಳಿದ ಲೇಖನಿಯೇ ಇದು ಎಂದು ನಂಬುವದು ಕಷ್ಟ. ಆದರೆ ಈ ಶುಷ್ಕತೆಯನ್ನು ದೋಷವೆಂದು ಎಣಿಸುವವರು ಒಂದು ಪ್ರಯೋಗ ಮಾಡಿ ನೋಡಲಿ: ಯಾವುದಾದರೊಂದು ಮಹಾಕಾವ್ಯದ ಜಲಕ್ರೀಡಾವರ್ಣನೆಯನ್ನು ಓದಿ, ಆ ಕೊಳದಲ್ಲಿ ಎಷ್ಟು ಬಗೆಯ ಮೀನುಗಳಿದ್ದವೆಂದು ಹೇಳಲಿ.

ಹಾಗಾದರೆ ಅಧ್ಯಾಯದಲ್ಲಿ ಆಕ್ಷೇಪಿಸತಕ್ಕದ್ದು ಏನೂ ಇಲ್ಲವೇ? ಇದೆ, ಮತ್ತು ಅದು ಸಣ್ಣದಲ್ಲ. ಇಷ್ಟು ಸೂಕ್ಷ್ಮವಾದ ಅವಲೋಕನವೆಲ್ಲವೂ ಕಡೆಗೆ ಅರಸನ ಒಂದು ಹೊತ್ತಿನ ವಿನೋದಕ್ಕಾಗಿ. ಮೀನಿನ ಹಸಿವನ್ನು ಅರಿತು, ಅದಕ್ಕೆ ಹಿತವಾದುದನ್ನು ಉಣಿಸಿ, ಆ ಅರಿವನ್ನೇ ಗಾಳದ ತುದಿಗೆ ಚುಚ್ಚುವದು. ಹೊಟ್ಟೆಪಾಡಿಗೆ ಬಲೆ ಬೀಸುವವನಲ್ಲಿ ಈ ಕಪಟವು ಇಲ್ಲ. ಗಾಳದ ಆಟದಲ್ಲಿ ಕೃತಾರ್ಥನಾದ ಅರಸನ ಉಲ್ಲಾಸವನ್ನು ಹಂಚಿಕೊಳ್ಳುವದು ಸಹೃದಯನಿಗೆ ಸುಲಭವಾಗದು. ಹಂಚಿಕೊಳ್ಳಬೇಕೆಂಬ ನಿರ್ಬಂಧವೂ ಇಲ್ಲ.

ಇದನ್ನು ಹೇಳುವದಕ್ಕೆ ಈ ಸೀಮೆಗೆ ಒಂದು ವಿಶೇಷವಾದ ಅಧಿಕಾರವುಂಟು. ಕೃಷ್ಣೆಗೂ ತುಂಗಭದ್ರೆಗೂ ನಡುವಿನ ಎಡೆದೊರೆನಾಡು ಸೋಮೇಶ್ವರನ ರಾಜ್ಯದ ಒಳನಾಡು. ಲಿಂಗಸುಗೂರಿನ ಸೀಮೆಯ ಜಲದುರ್ಗವನ್ನು ಕೃಷ್ಣೆಯೇ ಸುತ್ತುವರಿದಿರುವದು. ಮಸ್ಕಿಯು ಚಾಲುಕ್ಯಶಾಸನಗಳ ಪಿರಿಯ ಮೊಸಂಗಿ. ಅದೇ ಮಸ್ಕಿಯ ಬಂಡೆಯಲ್ಲಿ, ಸೋಮೇಶ್ವರನಿಗಿಂತ ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆ, ಇನ್ನೊಬ್ಬ ಚಕ್ರವರ್ತಿಯು ತನ್ನ ಧರ್ಮಲಿಪಿಯನ್ನು ಕೊರೆಯಿಸಿದ್ದನು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರನಾದ ಬೀಡನ್ ಅದನ್ನು ಕಂಡುಹಿಡಿದಾಗ, ದೇವಾನಾಂಪ್ರಿಯನೆಂಬವನು ಅಶೋಕನೇ ಎಂಬುದು ಹೆಸರಿನ ಸಮೇತ ದೃಢಪಟ್ಟಿತು. ಮಸ್ಕಿಯ ಲಿಪಿಯಲ್ಲಿ ಮೀನಿನ ಮಾತಿಲ್ಲ. ಆದರೆ ಅವನ ಐದನೆಯ ಸ್ತಂಭಶಾಸನದಲ್ಲಿ, ಅಭಿಷೇಕವಾಗಿ ಇಪ್ಪತ್ತಾರು ವರ್ಷಗಳಾದ ಮೇಲೆ ಹೊರಡಿಸಿದ್ದರಲ್ಲಿ, ಅವಧ್ಯವಾದ ಪ್ರಾಣಿಗಳ ಪಟ್ಟಿಯೊಳಗೆ ಎಲುಬಿಲ್ಲದ ಮೀನೂ ಸೇರಿರುವದು; ಕೆಲವು ಹುಣ್ಣಿಮೆ ಮತ್ತು ಉಪವಾಸದ ದಿನಗಳಲ್ಲಿ ಮೀನನ್ನು ಕೊಲ್ಲತಕ್ಕದ್ದಲ್ಲ, ಮಾರತಕ್ಕದ್ದಲ್ಲ ಎಂದು ವಿಧಿಸಿರುವದು; ಕೇವಟಭೋಗಗಳಲ್ಲಿ, ಎಂದರೆ ಬೆಸ್ತರ ಮೀಸಲು ನೀರುಗಳಲ್ಲಿ, ಆ ದಿನಗಳಲ್ಲಿ ಬೇರೆ ಪ್ರಾಣಿಗಳ ವಧೆಯೂ ಕೂಡದೆಂದಿರುವದು. 1958ರಲ್ಲಿ ಕಂದಹಾರದಲ್ಲಿ ದೊರೆತ ಗ್ರೀಕ್-ಅರಮೇಯಿಕ್ ಶಾಸನವು ಅರಸನ ಬೇಟೆಗಾರರೂ ಮೀನುಗಾರರೂ ತಮ್ಮ ಕೆಲಸವನ್ನು ನಿಲ್ಲಿಸಿದರೆಂದು ಹೇಳುವದು. ಇಬ್ಬರು ಅರಸರೂ ಮೀನುಗಳ ಪಟ್ಟಿಯನ್ನು ಮಾಡಿದರು. ಒಬ್ಬನದು ಬಿಡುವದಕ್ಕೆ, ಒಬ್ಬನದು ಹಿಡಿಯುವದಕ್ಕೆ. ವಿಚಿತ್ರವೆಂದರೆ, ಹಿಡಿಯುವವನ ಪಟ್ಟಿಯೇ ಮೀನಿನ ಬಾಳನ್ನು ಹೆಚ್ಚು ತಿಳಿಸುವದು. ಬಿಟ್ಟವನಿಗೆ ಅದು ಏನು ತಿನ್ನುವದೆಂದು ಕೇಳುವ ಅಗತ್ಯವಿರಲಿಲ್ಲ.

ಉಣಿಸಿ ಹಿಡಿಯದೆ ಇರುವ ಮೂರನೆಯ ದಾರಿಯೂ ಈ ನಾಡಿನಲ್ಲಿ ಇಲ್ಲದಿಲ್ಲ. ಶೃಂಗೇರಿಯ ತುಂಗೆಯಲ್ಲಿಯೂ ಶಿಶಿಲದ ಮತ್ಸ್ಯತೀರ್ಥದಲ್ಲಿಯೂ ಯಾತ್ರಿಕರು ಮಂಡಕ್ಕಿಯನ್ನು ಚೆಲ್ಲಿದರೆ ದೇವರ ಮೀನುಗಳು ಕಾಲ ಬಳಿಗೇ ಬರುವವು. 1996ರಲ್ಲಿ ಶಿಶಿಲದ ನೀರಿಗೆ ಯಾರೋ ವಿಷವಿಕ್ಕಿ ಅಸಂಖ್ಯ ಮೀನುಗಳು ಸತ್ತವು. ಕಾವೇರಿಯ ಡುಬ್ಬದ ಮಹಶೀರವು 2018ರಲ್ಲಿ ಅತ್ಯಂತ ಅಪಾಯಕ್ಕೆ ಒಳಗಾದ ಜೀವಿಗಳ ಪಟ್ಟಿಗೆ ಸೇರಿತು. ಗಾಳಕ್ಕಿಂತ ಅಣೆಕಟ್ಟು, ಸಿಡಿಮದ್ದು, ವಿಷಗಳು ಮೀನಿನ ಕುಲಕ್ಕೆ ಹೆಚ್ಚು ಹಾನಿ ಮಾಡಿರುವವು; ಸೋಮೇಶ್ವರನನ್ನು ಹಳಿಯುವಾಗ ಇದನ್ನೂ ನೆನಪಿನಲ್ಲಿಡುವದು ನ್ಯಾಯ.

ಇನ್ನು ಹೆಸರುಗಳ ವಿಷಯ. ಮೂವತ್ತೈದರಲ್ಲಿ ರೋಹಿತ, ಪಾಠೀನಗಳಂಥವು ಕೋಶಗಳಲ್ಲಿ ಸಿಕ್ಕುವವು. ಉಳಿದವುಗಳಲ್ಲಿ ಬಹಳಷ್ಟನ್ನು ಅಮರನು ಅರಿಯನು. ಧಾತುವಿಗೆ ಪ್ರತ್ಯಯ ಹತ್ತಿಸಿ ಅವನ್ನು ಸಾಧಿಸಹೋದ ವೈಯಾಕರಣನು ನೀರಿಲ್ಲದಲ್ಲಿ ಬಲೆ ಬೀಸಿದಂತಾಗುವದು. ಅವು ಸಂಸ್ಕೃತದ ಉಡಿಗೆಯನ್ನು ತೊಟ್ಟ ದೇಶ್ಯಪದಗಳಾಗಿರಬೇಕು. ಹಾಗಿದ್ದರೆ ಅರಸನಿಗೆ ಅವನ್ನು ಹೇಳಿದವರು ಯಾರು? ಮೀನು ಯಾವ ಮಡುವಿನಲ್ಲಿ ನಿಲ್ಲುವದು, ಹಿಟ್ಟಿಗೆ ಬರುವದೋ ಮಾಂಸಕ್ಕೆ ಬರುವದೋ ಎಂಬುದನ್ನು ಅರಮನೆಯ ಪಂಡಿತರು ಹೇಳಿರಲಾರರು. ಹೇಳಿದವರು ಬೆಸ್ತರು, ಅಂಬಿಗರು. ಗ್ರಂಥದಲ್ಲಿ ಅವರಿಗೆ ಉಪಾಧ್ಯಾಯರ ಸ್ಥಾನವು ದೊರೆಯಲಿಲ್ಲ. ಅದೇ ಶತಮಾನದಲ್ಲಿ, ಸೋಮೇಶ್ವರನ ತರುವಾಯ, ತುಂಗಭದ್ರೆಯ ಅಂಬಿಗನೊಬ್ಬನು ತನ್ನ ಕಸುಬಿನ ಹೆಸರನ್ನೇ ಅಂಕಿತವಾಗಿಟ್ಟು ವಚನಗಳನ್ನು ನುಡಿದನು. ಅಂಬಿಗರ ಚೌಡಯ್ಯನ ಮಾತಿನ ಬಿರುಸು ಕನ್ನಡಿಗರಿಗೆ ತಿಳಿದದ್ದೇ. ಚಕ್ರವರ್ತಿಯ ನೂರು ಅಧ್ಯಾಯಗಳಲ್ಲಿ ಮೌನವಾಗಿ ನಿಂತ ಜನವು ಚೌಡಯ್ಯನಲ್ಲಿ ಬಾಯಿ ಬಿಟ್ಟಿತೆಂದರೆ ಅತಿಶಯೋಕ್ತಿಯಾಗದು.

ಈ ಕಾರಣದಿಂದ ಮತ್ಸ್ಯವಿನೋದಕ್ಕೆ ಟಿಪ್ಪಣಿಯುಳ್ಳ ಕನ್ನಡ ಅನುವಾದವು ಬರಬೇಕು. ಆದರೆ ಅದು ಕೋಶಗಳನ್ನು ಮುಂದಿಟ್ಟುಕೊಂಡು ಮನೆಯಲ್ಲಿ ಕುಳಿತು ಮಾಡತಕ್ಕ ಕೆಲಸವಲ್ಲ. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವದು. ರೋಹಿತವೆಂಬಲ್ಲಿ ಅವಸರದ ಅನುವಾದಕನು ರೋಹು ಎಂದು ಬರೆದು ಕೈತೊಳೆದುಕೊಳ್ಳುವನು. ಸಿಂಧನೂರಿನ ಪೇಟೆಯಲ್ಲಿ ಇಂದು ರೋಹು ಎಲ್ಲರೂ ಬಲ್ಲ ಮೀನು. ಪೂರ್ವವಂಗದಿಂದ ನಿರ್ವಸಿತರಾಗಿ ಬಂದು ಅಲ್ಲಿಯ ಕ್ಯಾಂಪುಗಳಲ್ಲಿ ನೆಲಸಿದ ಬಂಗಾಳಿ ಕುಟುಂಬಗಳಿಗಂತೂ ಅದು ಮದುವೆ-ಮುಂಜಿಗಳ ಮಂಗಲದ್ರವ್ಯ. ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರು ಹರಿದಲ್ಲೆಲ್ಲ ಕೆರೆ-ಹೊಂಡಗಳಲ್ಲಿ ಅದನ್ನು ಸಾಕುವರು. ಆದರೆ ಗಂಗೆಯ ಸೀಮೆಯ ಆ ಮೀನನ್ನು ದಕ್ಷಿಣದ ನದಿಗಳಿಗೆ ತಂದು ಬಿಟ್ಟವರು ಈಚಿನವರು. ಉತ್ತರದೇಶದ ಮನುವಿನ ರೋಹಿತವು ರೋಹುವೇ ಆಗಿದ್ದೀತು. ಕಲ್ಯಾಣದ ಅರಸನು ತನ್ನ ಹೊಳೆಯಲ್ಲಿ ಕಂಡ ರೋಹಿತವು ಅದೇ ಕುಲದ ಬೇರೊಂದು ಮೀನಾಗಿರುವ ಸಂಭವವೇ ಹೆಚ್ಚು. ಒಂದೇ ಸಂಸ್ಕೃತಶಬ್ದವು ಎರಡು ನದಿಗಳಲ್ಲಿ ಎರಡು ಮೀನಾಗುವದು.

ಇಂಥ ಸಂದೇಹವನ್ನು ಬಿಡಿಸಬಲ್ಲವರು ಜಲದುರ್ಗದ ಕೆಳಗೆ ಬಲೆ ಒಣಗಹಾಕುವ ಮುದುಕರು. ಅನುವಾದಕನು ಬಡೋದೆಯ ಸಂಪುಟವನ್ನು ಚೀಲದಲ್ಲಿಟ್ಟುಕೊಂಡು ಅವರ ಬಳಿಗೆ ಹೋಗಲಿ. ಒಂದೊಂದೇ ಹೆಸರನ್ನು ಓದಿ ಹೇಳಲಿ. ಶಬ್ದವು ಹೊಂದದಿದ್ದರೆ ಹುರುಪೆ, ಮೀಸೆ, ಬಣ್ಣ, ಆಹಾರಗಳ ವರ್ಣನೆಯನ್ನು ಹೇಳಲಿ. ಅವರು ಕೊಡುವ ಹೆಸರನ್ನು ಅವರು ಉಚ್ಚರಿಸಿದಂತೆಯೇ ಬರೆದುಕೊಂಡು, ಹೇಳಿದವರ ಹೆಸರನ್ನೂ ಅದರ ಪಕ್ಕದಲ್ಲಿ ಬರೆಯಲಿ.